ಜೂನ್ ಒಂದಕ್ಕೆ ಹುಟ್ಟಿದ ಇಪ್ಪತ್ತೈದು ಮಕ್ಕಳು

ವಾಡಿ
ತಾ. ೯-೧೨-೧೯೮೪

ಚಿ. ಸೌ. ಅನಸುಬಾಯಿಗೆ ನಿನ್ನ ಶಿವಕಾಂತಮ್ಮ ಅಕ್ಕೋರು ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಎರಡು ಮೊಣಕಾಲು ಬಿಟ್ಟು ಉಳಿದದ್ದೆಲ್ಲ ಕ್ಷೇಮ ಅಂತ ತಿಳಿ. ಮುಧೋಳದಿಂದ ನೀನು ಬರೆದ ಕಾಗದ ದಸರೆಯ ರಜೆ ಮುಗಿದ ವಾರವೇ ಕೈ ಸೇರಿತು. ಉತ್ತರ ಬರೆಯುವ ಹೊತ್ತಿಗೆ ಡಿಸೆಂಬರ್ ಬಂದಿದೆ. ನೆಪ ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು, ಈಗ ನಾನೇ ನೆಪ ಹೇಳಿದರೆ ಚೆನ್ನಾಗಿರುವುದಿಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಒಲೆಗೆ ಹಾಕಿದೆ. ತಡವಾದದ್ದು ಅದಕ್ಕೇ, ತಪ್ಪು ತಿಳಿಯಬೇಡ.

ನೀನು ಕೇಳಿದ್ದು ಒಂದೇ ಮಾತು. ಅಂಗನವಾಡಿ ಕೆಲಸಕ್ಕೆ ಅರ್ಜಿ ಕೊಡಲು ಹೋದರೆ, ಶಾಲೆಯ ದಾಖಲೆಯ ಪ್ರಕಾರ ನಿನಗೆ ಮೂವತ್ತು ದಾಟಿದೆ, ಆಗುವುದಿಲ್ಲ ಅಂದರಂತೆ. ನಿನ್ನ ತಾಯಿ ತುಳಜಾಬಾಯಿಯ ಲೆಕ್ಕಕ್ಕೆ ನಿನಗೆ ಇಪ್ಪತ್ತೆಂಟು. “ಅಕ್ಕೋರೆ, ನಾ ಖರೇನ ಯಾವ ವರ್ಷ ಹುಟ್ಟೀನಿ, ಸಾಲ್ಯಾಗ ನೋಡಿ ಹೇಳ್ರಿ. ಜನವರಿ ಮುಗಿಯೂತನಕ ಅರ್ಜಿ ತಗೋತಾರ” ಎಂದು ಬರೆದಿದ್ದೀಯ. ನೀನು ಮಾತಾಡಿದಂತೆಯೇ ಬರೆಯುತ್ತೀಯ. ಎರಡು ವರ್ಷ ನಿನಗೆ ವ್ಯಾಕರಣ ಕಲಿಸಿದ್ದು ನೀರಲ್ಲಿ ಹೋಮ ಮಾಡಿದಂತಾಯಿತು ನೋಡು.

ಅದೇ ವಾರ ಈಗಿನ ಹೆಡ್ ಸಿಸ್ಟರ್ ನನ್ನನ್ನು ಕರೆದು, ಜನವರಿಯಲ್ಲಿ ಶಾಲೆಯ ಬೆಳ್ಳಿಹಬ್ಬ, ಅದಕ್ಕೊಂದು ಪುಸ್ತಕ ತರುತ್ತೇವೆ, ಶಾಲೆ ಹುಟ್ಟಿ ಬೆಳೆದ ಕಥೆಯನ್ನು ಎಂಟು ಪುಟದಲ್ಲಿ ನೀವೇ ಬರೆಯಬೇಕು ಅಂದರು. ಮೊದಲ ದಿನದಿಂದ ಇಲ್ಲಿರುವವರು ನಾನು ಮತ್ತು ಗಂಟೆ ಹೊಡೆಯುವ ಜಾನಬಿ ಇಬ್ಬರೇ. ಜಾನಬಿಗೆ ಓದು ಬರಹ ಬಾರದು, ಹಾಗಾಗಿ ಇತಿಹಾಸ ನನ್ನ ತಲೆಗೆ ಬಂತು. ಬರೆಯಲು ಕೂತರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಗೊತ್ತಾಗುವುದಿಲ್ಲ ಅನಸೂ. ಗಂಟೆಯ ಬದಲು ನಾವು ತೂಗು ಹಾಕಿದ್ದ ರೈಲು ಹಳಿಯ ತುಂಡು ಎರಡನೆಯ ವರ್ಷ ಬಂದದ್ದು ಎಂದು ನಾನು ಬರೆದೆ. ಜಾನಬಿ ಕೇಳಿ, “ಎರಡನೇ ವರ್ಷ ಹ್ಯಾಂಗ ಆಗ್ತದ್ರಿ? ನನ್ನ ದೊಡ್ಡ ಮಗಾ ಹೊಟ್ಟ್ಯಾಗಿದ್ದಾಗ ಅದನ್ನ ಬಡೀಲಿಕತ್ತಿದ್ದೆ. ಮೊದಲನೇ ವರ್ಷೇ ಅದು” ಎಂದು ಜಗಳ ತೆಗೆದಳು. ಅವಳು ಹೇಳಿದ್ದೇ ಸರಿಯೋ, ನಾನು ಹೇಳಿದ್ದೋ, ದೇವರಿಗೇ ಗೊತ್ತು. ಶಾಲೆ ಶುರುವಾದದ್ದು ೧೯೫೯ರ ಜೂನ್ ಒಂದಕ್ಕೆ ಎಂದು ಹಲಗೆಯ ಮೇಲಿದೆ. ಆದರೆ ಶಾಲೆ ಕಟ್ಟಿದ ಸಿಸ್ಟರ್ ಅಪೊಲಿನ್ ಮಂಗಳೂರಿನಿಂದ ಬಂದಿಳಿದ ದಿನ ಪ್ಲಾಟ್‌ಫಾರ್ಮು ನೀರಲ್ಲಿ ನಿಂತಿತ್ತು, ಅದು ಜುಲೈ ಇದ್ದಿರಬೇಕು. ಹಲಗೆಯ ಮೇಲಿನ ತಾರೀಖು ಕೊಟ್ಟವಳೂ ನಾನೇ. ನನ್ನ ಕೈಯಲ್ಲಿ ಎಲ್ಲವೂ ಜೂನ್ ಒಂದಕ್ಕೇ ಹುಟ್ಟುತ್ತವೆ.

ನಿನಗೆ ಆ ಗೋದಾಮು ನೆನಪಿದೆಯೇ? ಸ್ಟೇಷನ್ನಿನ ಆಚೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗೋದಾಮು. ಅರ್ಧದಲ್ಲಿ ಕಲ್ಲಿನ ರಾಶಿ, ಇನ್ನರ್ಧದಲ್ಲಿ ಹನ್ನೊಂದು ಮಕ್ಕಳು. ಕ್ರಿಸ್ತಾನರ ಸಾಲಿಗೆ ಹೋದರೆ ಜಾತಿ ಕೆಡುತ್ತದೆ ಎಂದು ಊರವರು ಮೊದಮೊದಲು ಮಕ್ಕಳನ್ನು ಕಳಿಸುತ್ತಿರಲಿಲ್ಲ. ಶರಣರ ಮನೆಯ ವಿಧವೆ ನಾನು, ಅಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಭಾವ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಸಿಸ್ಟರ್ ಮನೆಮನೆಗೆ ಹೋಗಿ “ನಿಮ್ಮ ಮಗುವನ್ನು ದಯವಿಟ್ಟು ಕಳುಹಿಸಿ ಕೊಡಿರಿ” ಎಂದು ಪುಸ್ತಕದ ಕನ್ನಡ ಆಡಿದರೆ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು. ನಕ್ಕು ನಕ್ಕೇ ಕಳಿಸಿದರು. ಆಮೇಲೆ ನಾಲ್ಕು ಕೋಣೆಯ ಕಟ್ಟಡ ಎದ್ದಿತು, ನೀಲಿ ಲಂಗ ಬಂತು, ಏಳನೆಯ ತರಗತಿಯವರೆಗೆ ಬೆಳೆಯಿತು. ಈಗ ಆರುನೂರು ಹುಡುಗಿಯರಿದ್ದಾರೆ, ಶಹಾಬಾದಿನಿಂದಲೂ ಚಿತ್ತಾಪುರದಿಂದಲೂ ರೈಲಿನಲ್ಲಿ ಬರುತ್ತಾರೆ. ಇಷ್ಟೆಲ್ಲ ಸಲೀಸಾಗಿ ಬರೆದೆ. ೧೯೬೮ಕ್ಕೆ ಬಂದಾಗ ಕೈ ನಿಂತಿತು. ಮೊದಲ ಬಾರಿ ಎಂಟನೆಯ ತರಗತಿ ತೆರೆದು ನಮ್ಮದು ಪ್ರೌಢಶಾಲೆಯಾದ ವರ್ಷ ಅದು. ನಿನ್ನ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ.

ಆಗ ಏನಾಯಿತು ಎಂದರೆ, ಇಪ್ಪತ್ತೈದು ಮಕ್ಕಳಿದ್ದರೆ ಮಾತ್ರ ಎಂಟನೆಯ ತರಗತಿ ಎಂದು ಅಧಿಕಾರಿಯೊಬ್ಬರು ಹೇಳಿ ಹೋಗಿದ್ದರು. ಎಲ್ಲರಿಗೂ ಹದಿಮೂರು ತುಂಬಿರಬೇಕು. ಮೊದಲ ವರ್ಷಗಳ ರಜಿಸ್ಟರಿನಲ್ಲಿ ನಾವು ಹೆಸರಷ್ಟೇ ಬರೆದಿದ್ದೆವು, ವಯಸ್ಸಿನ ಕಾಲಮ್ಮು ಖಾಲಿ. ಸಿಸ್ಟರ್ ಕಲಬುರಗಿಗೆ ಹೋಗಿದ್ದ ದಿನ ತಾಯಂದಿರನ್ನೆಲ್ಲ ಕರೆಸಿ ಕೇಳುತ್ತ ಕೂತೆ. ನಮ್ಮ ಕಡೆಯ ಹೆಂಗಸರು ತಾರೀಖು ಹೇಳುತ್ತಾರೆಯೇ? ಒಬ್ಬಳು “ಕಾಗಿಣಾ ಹೊಳಿ ತುಂಬಿ ಬಂದ ವರ್ಷ” ಅಂದಳು, ಇನ್ನೊಬ್ಬಳು “ನಮ್ಮ ಕೆಂಪು ಆಕಳಾ ಈದ ತಿಂಗಳದಾಗ್ರಿ” ಅಂದಳು. ಅವರು ಹೇಳಿದ್ದನ್ನು ಹೇಳಿದಂತೆ ನನ್ನ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ರಜಿಸ್ಟರಿನಲ್ಲಿ ಮಾತ್ರ ಎಲ್ಲರಿಗೂ ಜೂನ್ ಒಂದು ಎಂದು ಬರೆದು ವರ್ಷವನ್ನಷ್ಟೇ ಹೊಂದಿಸಿದೆ. ನಾನೊಬ್ಬಳೇ ಅಲ್ಲ, ಈ ಸೀಮೆಯ ಮಾಸ್ತರರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಶಾಲೆ ತೆರೆಯುವ ದಿನವೇ ಮಕ್ಕಳ ಹುಟ್ಟುಹಬ್ಬ.

ಇಪ್ಪತ್ತೈದು ಹೆಸರಿನಲ್ಲಿ ದಿನ ಸಮೇತ ಹೇಳಿದವಳು ನಿನ್ನ ತಾಯಿ ಒಬ್ಬಳೇ. ನೋಟುಬುಕ್ಕು ಈಗ ನನ್ನ ಮುಂದೆಯೇ ಇದೆ. “ಹೈದರಾಬಾದ ಬಿಟ್ಟು ಮೈಸೂರಿಗಿ ಕೂಡಿದ ದಿನಾರಿ. ದೀಪಾಳಿ ಅಮಾಸಿ ನಾಳಿಗಿತ್ತು. ಚಿತ್ತಾಪುರದಾಗ ಸಕ್ಕರಿ ಹಂಚಾಕತ್ತಿದ್ರು, ನಾ ಬ್ಯಾನಿ ತಿನ್ನಾಕತ್ತಿದ್ದೆ.” ಅಂದರೆ ೧೯೫೬ರ ನವೆಂಬರ್ ಒಂದು. ಇದಕ್ಕಿಂತ ಚೊಕ್ಕ ಹುಟ್ಟಿದ ದಿನ ಯಾರಿಗಿದೆ ಹೇಳು? ಪ್ರತಿ ವರ್ಷ ರಾಜ್ಯೋತ್ಸವದ ಧ್ವಜ ಏರಿಸುವಾಗ ಸಾಲಿನಿಂದ ಹೊರಗೆ ಬಂದು “ಅಕ್ಕೋರೆ, ಇವತ್ತ ನಾ ಹುಟ್ಟಿದ್ದು” ಎಂದು ನನ್ನ ಸೀರೆ ಜಗ್ಗುತ್ತಿದ್ದೆ. ನಾನು ಸುಮ್ಮನಿರು ಎಂದು ಗದರುತ್ತಿದ್ದೆ.

ನಾಲ್ಕೂವರೆಗೇ ಅಕ್ಕನ ಬೆನ್ನು ಹತ್ತಿ ಶಾಲೆಗೆ ಬಂದು ಕೂತವಳು ನೀನು. ಏಳನೆಯದು ಮುಗಿದಾಗ ನಿನಗೆ ಹನ್ನೊಂದೂವರೆ. ನಿಜ ಬರೆದರೆ ನಿನ್ನ ಹೆಸರು ಹೊಡೆದು ಹಾಕುತ್ತಾರೆ, ಇಪ್ಪತ್ನಾಲ್ಕು ಉಳಿಯುತ್ತದೆ, ತರಗತಿಯೇ ಇಲ್ಲ. ೧-೬-೧೯೫೪ ಎಂದು ಬರೆದೆ. ಹದಿಮೂರು ಬೇಕಿದ್ದರೆ ಐವತ್ತೈದು ಸಾಕಿತ್ತು. ಮೇಲಿನ ಹತ್ತು ಮಕ್ಕಳಿಗೆ ಐವತ್ನಾಲ್ಕು ಬರೆದಿದ್ದ ಕೈ ಅದೇ ಓಟದಲ್ಲಿ ಬರೆದುಬಿಟ್ಟಿತು. ತರಗತಿ ಸಿಕ್ಕಿತು, ಸಿಸ್ಟರ್ ಎಲ್ಲರಿಗೂ ಲಾಡು ಹಂಚಿಸಿದರು. ನಿನಗೆ ಎರಡು ಕೊಟ್ಟೆ, ನೆನಪಿದೆಯೇ? ಅಕ್ಕೋರಿಗೆ ನನ್ನ ಮೇಲೆ ಜೀವ ಎಂದು ನೀನು ಎಲ್ಲರ ಮುಂದೆ ಮೆರೆದೆ.

೧೯೭೦ರ ಬೇಸಿಗೆಯ ವಿಷಯವನ್ನು ನೀನೇ ನಿನ್ನ ಕಾಗದದಲ್ಲಿ ಎತ್ತಿದ್ದೀಯ. ನಿನ್ನ ತಂದೆ ಭೀಮಶ್ಯಾ ರೇಷನ್ ಕಾರ್ಡಿಗೆ ಬೇಕು ಎಂದು ನನ್ನಿಂದ ನಿನ್ನ ವಯಸ್ಸಿನ ಕಾಗದ ಬರೆಸಿಕೊಂಡು ಹೋದ. ಎಂಟು ದಿನ ಕಳೆದ ಮೇಲೆ, ನಿನ್ನ ಮದುವೆ ಎಂದು ಜಾನಬಿ ಸುದ್ದಿ ತಂದಳು. ಸಿಸ್ಟರ್ ಅಪೊಲಿನ್ ಊಟದ ತಟ್ಟೆ ಬಿಟ್ಟು ಎದ್ದರು. ಉರಿಬಿಸಿಲಿನಲ್ಲಿ ನಾವಿಬ್ಬರೂ ಕಲ್ಲಿನ ಖಣಿಯ ದಾರಿ ಹಿಡಿದು ನಿಮ್ಮ ಮನೆಗೆ ಬಂದೆವು. ಹಂದರ ಹಾಕಿತ್ತು, ಒಳಗೆ ನಿನಗೆ ಅರಿಶಿನ ಹಚ್ಚುತ್ತಿದ್ದರು. ಈ ಹುಡುಗಿಗೆ ಇನ್ನೂ ಹದಿನೈದು ತುಂಬಿಲ್ಲ, ಇದು ಕಾನೂನಿಗೆ ವಿರುದ್ಧ ಎಂದು ಸಿಸ್ಟರ್ ಅಂದರು. ನಿನ್ನ ತಂದೆ ಕೂಗಾಡಲಿಲ್ಲ. ಟ್ರಂಕಿನಿಂದ ಕಾಗದ ತಂದು ಎರಡೂ ಕೈಯಲ್ಲಿ ಕೊಟ್ಟ. “ನಿಮ್ಮ ಸಾಲಿ ಮುದ್ರಿನೇ ಅದರಿ ಸಿಸ್ಟರಮ್ಮ. ಹದಿನೈದು ದಾಟ್ಯಾವು. ಕಲ್ಲಿನ ಧೂಳಾ ನುಂಗಿ ನುಂಗಿ ನನ್ನ ಎದಿ ನಿಂತದ. ನಾ ಇರೂತನಕ ಆಕಿನ್ನ ಒಂದು ಮನಿ ಮುಟ್ಟಸ್ತೀನಿ, ಬ್ಯಾಡ ಅನಬ್ಯಾಡ್ರಿ” ಅಂದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಅದೇ ಶ್ರಾವಣದಲ್ಲಿ ಅವನು ತೀರಿಕೊಂಡ. ಸಿಸ್ಟರ್ ಕಾಗದ ನೋಡಿ ಹಿಂದೆ ಕೊಟ್ಟರು, ನಾವು ಬಂದ ದಾರಿಯಲ್ಲೇ ಮರಳಿದೆವು. ನಾನು ಐವತ್ತೈದು ಎಂದು ಬರೆದಿದ್ದರೆ ಆ ಕಾಗದದ ಲೆಕ್ಕಕ್ಕೂ ನಿನಗೆ ಹದಿನೈದು ತುಂಬಿರುತ್ತಿರಲಿಲ್ಲ. ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಸಿಸ್ಟರ್ ಒಂದು ವರ್ಷ ಆ ಬೆಂಚನ್ನು ಹಾಗೇ ಬಿಡಿಸಿದ್ದರು.

ಇದನ್ನು ಪುಸ್ತಕದಲ್ಲಿ ಬರೆಯಬೇಕೋ ಬಾರದೋ ನನಗೆ ತಿಳಿಯುತ್ತಿಲ್ಲ. ಹೆಡ್ ಸಿಸ್ಟರಿಗೆ ನೋಟುಬುಕ್ಕು ತೋರಿಸಿ, ಇಂಥವಳ ತಾರೀಖು ತಪ್ಪಾಗಿದೆ, ತಿದ್ದಲು ಬರೆದುಕೊಡೋಣ ಅಂದೆ. ಅವರು ಒಳ್ಳೆಯವರೇ. ಹಬ್ಬ ಮುಗಿಯಲಿ ಶಿವಕಾಂತಮ್ಮ, ಒಂದನ್ನು ತಿದ್ದಿದರೆ ಉಳಿದ ಇಪ್ಪತ್ನಾಲ್ಕನ್ನೂ ಕೇಳುತ್ತಾರೆ, ಆ ಹುಡುಗಿಯರಲ್ಲಿ ಎಷ್ಟೋ ಜನ ನೌಕರಿಯಲ್ಲಿದ್ದಾರೆ, ಅವರ ಗತಿಯೇನು ಅಂದರು. ಅದೂ ನಿಜವೇ. ಇದೂ ನಿಜವೇ. ಹಬ್ಬ ಮುಗಿಯುವುದು ಜನವರಿ ಇಪ್ಪತ್ತಾರಕ್ಕೆ, ಆಮೇಲೆ ನಿನ್ನ ಅರ್ಜಿಗೆ ಉಳಿಯುವುದು ಐದೇ ದಿನ. ಒಂದು ದಿನ ಶಾಲೆ ದೊಡ್ಡದು ಅನಿಸುತ್ತದೆ, ಆರುನೂರು ಹುಡುಗಿಯರನ್ನು ನೋಡಿ. ಮರುದಿನ ನಿನ್ನ ಕಾಗದ ಓದಿ ಬೇರೆ ಅನಿಸುತ್ತದೆ. ಯಾರಾದರೂ ಬೆಳ್ಳಿಹಬ್ಬದ ಮಾತೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುತ್ತದೆ.

ಇತಿಹಾಸದ ಎಂಟು ಪುಟ ಏನಾಗುತ್ತದೋ ಆಗಲಿ. ನೋಟುಬುಕ್ಕಿನ ಆ ಹಾಳೆಯನ್ನು ಕಿತ್ತು ಇದರ ಜೊತೆ ಇಟ್ಟಿದ್ದೇನೆ. ತಾಯಿ ಹೇಳಿದ ದಿನ ಇದು, ರಜಿಸ್ಟರಿನಲ್ಲಿ ಗೊತ್ತಿದ್ದೇ ತಪ್ಪು ಬರೆದವಳು ನಾನು ಎಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ಅದರಲ್ಲಿ ಸಿಸ್ಟರ್ ಅಪೊಲಿನ್ ಹೆಸರಿಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ. ಕಚೇರಿಯವರು ಒಪ್ಪುತ್ತಾರೋ, ಕೋರ್ಟಿಗೆ ಹೋಗಿ ಅನ್ನುತ್ತಾರೋ ನನಗೆ ಗೊತ್ತಿಲ್ಲ. ಕೋರ್ಟಾದರೆ ನಾನೇ ಬಂದು ಹೇಳುತ್ತೇನೆ. ನಿವೃತ್ತಿಗೆ ಎರಡು ವರ್ಷವಿದೆ, ಅವರು ನನ್ನನ್ನು ಏನು ಮಾಡಿಯಾರು?

ನಿನ್ನ ಮಗಳು ಭೀಮಬಾಯಿ ಏಳನೆಯದರಲ್ಲಿದ್ದಾಳೆ, ಜೂನ್‌ನಲ್ಲಿ ನಿಮ್ಮ ಕೈಗೇ ಒಪ್ಪಿಸುತ್ತೇನೆ ಎಂದು ಬರೆದಿದ್ದೀಯ. ಖಂಡಿತ ಕರೆದುಕೊಂಡು ಬಾ. ಅವಳು ಹುಟ್ಟಿದ ದಿನ, ತಿಂಗಳು ಸರಿಯಾಗಿ ಕೇಳಿಕೊಂಡು ಬಾ, ನೀನು ಹೇಳಿದಂತೆಯೇ ಬರೆಯುತ್ತೇನೆ. ಯಜಮಾನರಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಆಶೀರ್ವಾದ. ನಿನಗೆ ಆ ನೌಕರಿ ಸಿಗಲಿ, ನಿನ್ನ ಮನೆ ತಂಪಾಗಿರಲಿ.

ಇಂತು ನಿನ್ನ,
ಶಿವಕಾಂತಮ್ಮ ಅಕ್ಕೋರು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಕಾಗದದ ಕೊನೆಗೆ ನೀನು ಹೀಗೆ ಬರೆದಿದ್ದೀಯ: “ನನ್ನ ಲಗ್ನ ಬಿಡಿಸಾಕ ನೀವು ಬಿಸಲಾಗ ನಡಕೋತ ಬಂದಿದ್ರಿ. ಬಿಡಿಸಾಕ ಆಗಲಿಲ್ಲ, ಆಗಲಿ. ನನಗೂ ಒಬ್ಬರು ಬಂದಿದ್ರು ಅಂತ ಇಷ್ಟು ವರ್ಷ ಧೈರ್ಯಾ ಹಿಡಕೊಂಡು ಬಾಳೇವು ಮಾಡೀನಿ.” ನಾಲ್ಕು ಸಲ ಕಾಗದ ಹರಿದದ್ದು ಈ ಮಾತಿಗೆ. ಆ ದಿನ ಸಿಸ್ಟರ್ ಕಾಗದ ನೋಡಿ ತಟ್ಟನೆ ಹಿಂದೆ ಕೊಡಲಿಲ್ಲ. ನನ್ನ ಕಡೆ ತಿರುಗಿ, “ಶಿವಕಾಂತಮ್ಮ, ಇದು ನಿಜವೇ? ನೀವು ಹೇಳಿದರೆ ನಾನು ಪೊಲೀಸರನ್ನು ಕರೆಯುತ್ತೇನೆ” ಅಂದರು. ಮುಂದಿನ ತಿಂಗಳು ಶಾಲೆಯ ಮಾನ್ಯತೆಗೆ ತಪಾಸಣೆ ಇತ್ತು, ರಜಿಸ್ಟರು ಸುಳ್ಳೆಂದರೆ ಪ್ರೌಢಶಾಲೆಯೇ ಹೋಗುತ್ತಿತ್ತು. ನೀನು ಒಳಗಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ. “ನಿಜ ಸಿಸ್ಟರ್, ನಾನೇ ತಾಯಿಯನ್ನು ಕೇಳಿ ಬರೆದದ್ದು” ಎಂದೆ. ಹದಿಮೂರೂವರೆ ವರ್ಷದ ನಿನ್ನನ್ನು ಕಳಿಸಿದ್ದು ನಿನ್ನ ಅಪ್ಪನಲ್ಲ ಅನಸೂ. ಸಿಸ್ಟರ್ ಹೋದ ವರ್ಷ ತೀರಿಕೊಳ್ಳುವವರೆಗೂ ಪ್ರತಿ ಕ್ರಿಸ್ಮಸ್ಸಿಗೆ ಮಂಗಳೂರಿನಿಂದ ನಿನ್ನನ್ನು ಕೇಳಿ ಬರೆಯುತ್ತಿದ್ದರು, ಚೆನ್ನಾಗಿದ್ದಾಳೆ ಎಂದು ನಾನು ಉತ್ತರಿಸುತ್ತಿದ್ದೆ. ಮೇಲೆ, ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು ಬಾ ಎಂದು ಬರೆದಿದ್ದೇನೆ. ಅದನ್ನು ಹೊಡೆದು ಹಾಕಿಲ್ಲ. ಇದನ್ನು ಓದಿದ ಮೇಲೂ ಅವಳ ಹೆಸರನ್ನು ನನ್ನ ಕೈಯಲ್ಲಿ ಬರೆಸುವ ಮನಸ್ಸಿದ್ದರೆ ಬಾ. ಇಲ್ಲದಿದ್ದರೆ ಚಿತ್ತಾಪುರದಲ್ಲೂ ಒಳ್ಳೆಯ ಶಾಲೆ ಇದೆ.