ಸ್ಕ್ಯಾನಿನಲ್ಲಿ ಕಾಣದ ಹೊಟ್ಟೆನೋವು

ಹಿರೇಕೆರೂರು
ಶನಿವಾರ, 14 ಜೂನ್ 2025

ಚಿ. ಸೌ. ರಾಜಶ್ರೀಗೆ,

ನಾನಿಲ್ಲಿ ಕ್ಷೇಮ ಎಂದು ಬರೆಯಲು ಕುಳಿತವನು ಅಷ್ಟರಲ್ಲೇ ಒಮ್ಮೆ ಎದ್ದು ಹೋಗಿಬಂದೆ. ಹೊಟ್ಟೆ ನೆಟ್ಟಗೆ ಕೂರಲು ಬಿಡುತ್ತಿಲ್ಲ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿ.

ದುಂಡಸಿಯ ತವರಿಗೆ ಹೊರಟ ದಿನ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಲಿವರ್ ಸುಮ್‌ಸುಮ್ನ ಕೆಡತೈತೇನ್ರಿ? ಕುಡಿಯಾವ್ರದಷ್ಟ ಕೆಡತೈತಿ" ಅಂದೆ. ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನಿನ ಕಾಗದದಲ್ಲಿ ಲಿವರಿಗೆ ಕೊಬ್ಬು ಕಟ್ಟಿದೆ ಎಂದಿತ್ತು. ನನ್ನ ಚೀಲದಲ್ಲಿ ಬಾಟಲಿ ಸಿಕ್ಕಿತ್ತು, ಬಾಯಿ ವಾಸನೆ ಹೊಡೆಯುತ್ತಿತ್ತು. ನಿನಗೆ ಇನ್ನೇನು ಸಾಕ್ಷಿ ಬೇಕಿತ್ತು, ಹೇಳು! ಆದರೂ ನನಗೆ ಸಿಟ್ಟಿದೆ. ಒಂದು ಮಾತು ಕೇಳಿ ಹೋಗಬಹುದಿತ್ತು.

ಈಗಲಾದರೂ ಕೇಳು. ಹಾವೇರಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುವಾಗಲೇ ಹೊಟ್ಟೆ ಮುರಿಯಲು ಶುರುವಾದರೆ ಕಂಡಕ್ಟರನಾದವನು ಎಲ್ಲಿಗೆ ಹೋಗಬೇಕು? ತುಂಬಿದ ಬಸ್ಸು, ಅರ್ಧ ಜನ ಪರಿಚಯದವರು. ಡ್ರೈವರ್ ಹಯಾತನಿಗೆ ಮಾತ್ರ ಗೊತ್ತು. ನನ್ನ ಮುಖ ನೋಡಿಯೇ "ಯಾಕಪಾ, ಸೈಡಿಗ ಹಚ್ಚಲೇನು?" ಎನ್ನುತ್ತಾನೆ. ಬಸ್ಸು ನಿಂತ ಕೂಡಲೇ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಮಾಯವಾಗುತ್ತೇನೆ ಎಂದು ನಿನ್ನ ಕಿವಿ ಊದಿದವರು ಸುಳ್ಳು ಹೇಳಿಲ್ಲ. ಆ ಓಣಿಯಲ್ಲಿ ವೈನ್ ಶಾಪೂ ಇದೆ, ಪಾಯಖಾನೆಯೂ ಇದೆ. ನಾನು ಓಡುತ್ತಿದ್ದದ್ದು ಪಾಯಖಾನೆಗೆ. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ ಏನೇನೋ ನೆಪ ಹೇಳುತ್ತಿದ್ದೆ.

ಬಾಟಲಿಯಲ್ಲಿದ್ದದ್ದು ಅರಿಷ್ಟ, ಗ್ಯಾಸಿಗೆಂದು ಸಂತೆಯಲ್ಲಿ ಕೊಂಡದ್ದು. ಹುಳಿಸಿ ಮಾಡುವ ಔಷಧಿ, ವಾಸನೆ ಬಾರದೆ ಇರುತ್ತದೆಯೇ? ಡಾಕ್ಟರು ಅದನ್ನೂ ಬಿಡಿಸಿದ್ದಾರೆ.

ಆ ಡಾಕ್ಟರಮ್ಮ ಹಾವೇರಿಯವರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕುಡಿಲಾರದವ್ರಿಗೂ ಲಿವರಿಗೆ ಕೊಬ್ಬು ಕಟ್ಟತೈತ್ರಿ. ಹೊತ್ತಿಲ್ಲದ ಹೊತ್ನ್ಯಾಗ ಊಟ, ಸಕ್ರಿ ಚಾ, ಮಿರ್ಚಿ ಭಜಿ, ಇವೆಲ್ಲಾ ಸಾಕು. ಕರುಳಿನ ರಕ್ತ ಮೊದಲ ಲಿವರಿಗೇ ಹೋಗೋದು. ಕರುಳು, ಲಿವರು ಎರಡೂ ಕೂಡೇ ಕಾಡಿದವ್ರನ್ನ ಭಾಳ ಮಂದೀನ ನೋಡೇನಿ." ನನ್ನ ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ. ಅದು ಕೆಲಸ ಮಾಡುವ ರೀತಿ ಮಾತ್ರ ತಪ್ಪಿದೆಯಂತೆ, ಚಿಂತೆಯಾದರೆ ಜಾಸ್ತಿಯಾಗುತ್ತದಂತೆ. ಎಂಥ ತಮಾಷೆ ನೋಡು. ನೋಯುವ ರೋಗ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಸ್ಕ್ಯಾನಿನಲ್ಲಿ ಕಂಡದ್ದು ನೋಯುವುದಿಲ್ಲ. ನೀನು ಕಂಡದ್ದನ್ನು ಮಾತ್ರ ನಂಬಿದೆ.

ಈಗ ಬೆಳಿಗ್ಗೆ ನಡೆಯುತ್ತೇನೆ, ಸಕ್ಕರೆ ಬಿಟ್ಟಿದ್ದೇನೆ. ಲಿವರು ಸುಧಾರಿಸುತ್ತದೆ ಎಂದಿದ್ದಾರೆ. ಹೊಟ್ಟೆಯದೇ ಹಟ. ನೀನು ಹೋದಾಗಿನಿಂದ ಅದು ಒಂದು ದಿನವೂ ಸುಮ್ಮನಿಲ್ಲ, ನಾನೂ ಸುಮ್ಮನಿಲ್ಲ. ನೀನಿಲ್ಲದೆ ನನಗೆ ಆಗುವುದಿಲ್ಲ ರಾಜಶ್ರೀ. ನನ್ನ ಮಾತು ನಂಬಲಾಗದಿದ್ದರೆ ಡಾಕ್ಟರ ಹತ್ತಿರ ಬಾ, ನೀನೇ ಕೇಳು. ಬರುವುದಿಲ್ಲ ಎನ್ನುವುದಾದರೆ ಅದನ್ನಾದರೂ ಬರೆ.

ಅತ್ತೆಯವರಿಗೆ ನಮಸ್ಕಾರ ತಿಳಿಸು.

ಇಂತಿ,
ಇನ್ನೂ ನಿನ್ನವನೇ ಎಂದುಕೊಂಡಿರುವ
ಮೈಲಾರಲಿಂಗ

ತಾ.ಕ.: ಮುಂದಿನ ತಿಂಗಳಿಂದ ಶಿಗ್ಗಾಂವ–ದುಂಡಸಿ ಬಸ್ಸಿಗೆ ನಾನೇ ಕೇಳಿ ಡ್ಯೂಟಿ ಹಾಕಿಸಿಕೊಂಡಿದ್ದೇನೆ. ಬಸ್ಸು ನಿಲ್ಲುವಲ್ಲಿಂದ ನಿಮ್ಮ ಮನೆಯ ಪಾಯಖಾನೆಯೇ ಹತ್ತಿರ. ಹಿತ್ತಲ ಬಾಗಿಲಿಗೆ ಅಗಳಿ ಹಾಕಬೇಡ. ಬಾಗಿಲು ತೆಗೆಯಲೋ ಬೇಡವೋ ಎಂದು ನೀನು ಯೋಚಿಸುತ್ತ ನಿಂತರೆ, ಅಷ್ಟು ಹೊತ್ತು ಕಾಯಲು ನನ್ನಿಂದಾಗುವುದಿಲ್ಲ.