ಇಪ್ಪತ್ತಾರು ಕಸಿ ಗಿಡಗಳು

ನರ್ಸರಿಯ ಚೀಲ ತುಂಬುವ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೀಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ‘ಸೊಸೆಗೆ’ ಎಂದು ಬರೆದೆ, ಆಫೀಸಿನಿಂದ ಬಂದ ನೋಟೀಸಿನ ಹಾಗೆ ಕಂಡಿತು, ಹರಿದು ಹಾಕಿದೆ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಬಲಗೈ ಹೆಬ್ಬೆರಳಿನ ಬಿರುಕು ಮಾಯಿತೇ? ಚಳಿ ಬಂದರೆ ಅದು ಮತ್ತೆ ಬಾಯಿ ಬಿಡುತ್ತದೆ, ಎಣ್ಣೆ ಸವರುವುದನ್ನು ಮರೆಯಬೇಡ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ನನ್ನ ವಿಷಯ ಹೇಳುವಂಥದ್ದೇನಿಲ್ಲ. ಬಿ.ಪಿ. ಮಾತ್ರೆ ನುಂಗುತ್ತೇನೆ, ಓಡಾಡುತ್ತೇನೆ.

ನೀನು ಹೋಗಿ ಐದು ತಿಂಗಳಾಯಿತು. ಇಲ್ಲಿ ಸಸಿಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ, ಜೊತೆಗೆ ಚೀಲದಮ್ಮ. ಮಣ್ಣು ತುಂಬಿ ತುಂಬಿ ಅವಳ ಬೆನ್ನೂ ಬಗ್ಗಿದೆ, ಆದರೆ ಬಾಯಿ ಮಾತ್ರ ಮೊದಲಿನಷ್ಟೇ ಜೋರು. ಹೋದ ತಿಂಗಳು ಟೊಮೆಟೊ ಸಸಿಗಳು ಬುಡ ಕೊಳೆತು ಮಲಗಿದವು. ಬೆಳಿಗ್ಗೆ ಮಾತ್ರ ನೀರು ಕೊಡಬೇಕು, ಟ್ರೇಗಳ ನಡುವೆ ಗಾಳಿ ಆಡಬೇಕು ಎಂದು ನೀನು ಬಡಿದುಕೊಳ್ಳುತ್ತಿದ್ದೆ. ಬಾಡಿದಂತೆ ಕಂಡವೆಂದು ನಾನು ಸಂಜೆಯೂ ನೀರು ಸುರಿದೆ. ಎರಡು ಟ್ರೇಯಲ್ಲಿ ಶುರುವಾದದ್ದು ವಾರದೊಳಗೆ ಹನ್ನೊಂದಕ್ಕೆ ಹಬ್ಬಿತು. ಅಷ್ಟನ್ನೂ ಕಿತ್ತು ಸುಟ್ಟೆ. ನೀನು ಮಾಡುತ್ತಿದ್ದ ಹಾಗೆಯೇ ಟ್ರೇಗಳನ್ನು ಉಜ್ಜಿ ತೊಳೆದು, ಮಣ್ಣನ್ನು ನೆನೆಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಬಿಟ್ಟಿದ್ದೇನೆ. ಕಸಿ ಚಾಕುವನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್ಟಿನಲ್ಲಿ ಒರೆಸುತ್ತೇನೆ. ‘ಏನು, ಆಪರೇಷನ್ ಮಾಡ್ತೀಯೇನೇ?’ ಎಂದು ನಿನ್ನನ್ನು ಆಡಿಕೊಂಡವಳು ನಾನೇ. ನನ್ನ ಮಗ ಅದನ್ನು ಕೇಳಿಸಿಕೊಂಡು ನಿನಗೆ ಡಾಕ್ಟ್ರಮ್ಮ ಎಂದೇ ಹೆಸರಿಟ್ಟುಬಿಟ್ಟ. ಚಾಕುವನ್ನು ಪ್ಯಾಂಟಿಗೆ ಒರೆಸಿ, ನೀನು ನೋಡಿದೆಯಾ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದ. ನೀನು ಬೈದರೆ ಅವನಿಗೆ ಅದೊಂದು ಖುಷಿ.

ನಡೆದದ್ದನ್ನು ಬರೆಯಲೇಬೇಕು. ಕಸಿ ಕಟ್ಟಲೆಂದು ಮಾವಿನ ತಾಯಿಮರದ ಕಡ್ಡಿಗಳ ಎಲೆಯನ್ನು ನೀನು ವಾರದ ಹಿಂದೆಯೇ ದೋಟಿಯಿಂದ ಸವರಿ, ಮೊಗ್ಗು ಉಬ್ಬಲು ಬಿಟ್ಟಿದ್ದೆ. ಅದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವನು ಮರದಿಂದ ಬಿದ್ದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ‘ಇವಳು ಕಡ್ಡಿ ಬೇಕು ಅಂದ್ಲು, ಅದಕ್ಕೇ ಹತ್ತಿದ’ ಎಂದು ನಾನು ಹೇಳಿದಾಗ ಎಲ್ಲರೂ ನಂಬಿದರು. ನೀನು ಸುಮ್ಮನಿದ್ದಷ್ಟೂ ನನ್ನ ಮಾತು ಬೆಳೆಯಿತು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಹೇಳಿ ಹೇಳಿ, ನನಗೇ ಅದು ನಿಜವೆನಿಸತೊಡಗಿತು.

ಅವನು ತೀರಿಕೊಂಡ ನಾಲ್ಕನೇ ದಿನ ನೀನು ನೆರಳುಮನೆಯ ಮೂಲೆಯಲ್ಲಿ ಒಬ್ಬಳೇ ಕುಳಿತು ಕಸಿ ಕಟ್ಟುತ್ತಿದ್ದೆ. ಮೊಣಕಾಲಿನ ಮೇಲೆ ಒದ್ದೆ ಬಟ್ಟೆಯ ಗಂಟು, ಹಲ್ಲಿನಲ್ಲಿ ಕಚ್ಚಿ ಹಿಡಿದ ಪ್ಲಾಸ್ಟಿಕ್ ಪಟ್ಟಿ. ನನಗೆ ಮೈಯೆಲ್ಲ ಉರಿದುಹೋಯಿತು. ‘ಗಂಡ ಹೋಗಿ ನಾಲ್ಕು ದಿನ ಆಗಿಲ್ಲ, ಕೆಲಸಕ್ಕೆ ಕೂತಿದೀಯಲ್ಲ, ನೀನೇನು ಮನುಷ್ಯಳಾ?’ ಎಂದೆ. ನೀನು ತಲೆಯೆತ್ತಿ ನೋಡಿದೆ. ಪಟ್ಟಿಯನ್ನು ಬಾಯಿಂದ ತೆಗೆದು, ಕೈಯಲ್ಲಿದ್ದ ಗಿಡಕ್ಕೆ ಸುತ್ತಿ ಮುಗಿಸಿದೆ. ಎರಡು ದಿನಕ್ಕೆ ನಿನ್ನ ಅಣ್ಣ ಬಂದು ಕರೆದುಕೊಂಡು ಹೋದ. ಹೊರಡುವಾಗ ನೀನು ಹೇಳಿದ್ದು ಒಂದೇ ಮಾತು, ‘ಅತ್ತೆ, ಆ ಮೂಲೆ ಗಿಡಗಳನ್ನ ಬಿಸಿಲಿಗೆ ಇಡಬೇಡಿ.’

ಇಟ್ಟೆ. ನೀನು ಬೇಡವೆಂದದ್ದಕ್ಕೇ ಇಟ್ಟೆ. ಇಪ್ಪತ್ತಾರು ಗಿಡಗಳನ್ನೂ ಒಂದೊಂದಾಗಿ ಎತ್ತಿಕೊಂಡು ಹೋಗಿ, ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ. ನೀರು ಹಾಕಲಿಲ್ಲ. ಐದಾರು ದಿನ ಕಳೆದ ಮೇಲೆ ಚೀಲದಮ್ಮ ಅವನ್ನು ನೋಡಿ ತಲೆ ತಲೆ ಬಡಿದುಕೊಂಡಳು. ‘ಅಯ್ಯೋ, ಇದೇನಮ್ಮಾ ಮಾಡಿದ್ರಿ! ನಿಮ್ಮ ಮಗ ಅವತ್ತು ಕುಯ್ದ ಕಡ್ಡಿಗಳಲ್ವಾ ಇವು? ಬಿದ್ದಾಗ್ಲೂ ಹೆಗಲಲ್ಲಿ ಚೀಲ ಹಾಗೇ ಇತ್ತು. ಅಕ್ಕ ಅದನ್ನ ಒದ್ದೆ ಬಟ್ಟೇಲಿ ಸುತ್ತಿ ಮೂರು ದಿನ ಕಾಪಾಡಿಕೊಂಡಿದ್ರು.’

ಆಗ ಚೀಟಿಗಳನ್ನು ಓದಿದೆ. ಪ್ರತಿ ಗಿಡಕ್ಕೂ ನಿನ್ನ ಗುಂಡು ಗುಂಡು ಅಕ್ಷರ. ಯಾವ ಮರ, ಯಾವ ದಿನ ಕುಯ್ದದ್ದು, ಕುಯ್ದವರು ಯಾರು. ಇಪ್ಪತ್ತಾರು ಸಲ ಅವನ ಹೆಸರು.

ಎಲ್ಲವನ್ನೂ ನೆರಳಿಗೆ ತಂದೆ. ಹನಿ ಹನಿಯಾಗಿ ನೀರು ಕೊಟ್ಟೆ, ತೇವ ನಿಲ್ಲಲೆಂದು ಒಂದೊಂದಕ್ಕೂ ಪಾಲಿಥಿನ್ ಕವರು ತೊಡಿಸಿದೆ. ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಇಪ್ಪತ್ತೈದರಲ್ಲಿ ಒಳಗೆಲ್ಲ ಕಂದು. ಒಂದರಲ್ಲಿ ಮಾತ್ರ ಹಸಿರಿತ್ತು. ಅದನ್ನು ನನ್ನ ಮಂಚದ ಪಕ್ಕದ ಕಿಟಕಿಗೆ ತಂದಿಟ್ಟುಕೊಂಡೆ. ತುದಿಯ ಮೊಗ್ಗು ಸ್ವಲ್ಪ ಬಿಚ್ಚಿ, ಕೆಂಪು ಎಲೆ ಇಣುಕಿತು. ಮಗಳೇ, ಅವನು ಹುಟ್ಟಿದಾಗಲೂ ನಾನು ಅಷ್ಟು ಸಲ ಎದ್ದೆದ್ದು ನೋಡಿರಲಿಲ್ಲ. ಹನ್ನೊಂದು ದಿನ ಇತ್ತು. ಹನ್ನೆರಡನೇ ದಿನ ಎಲೆ ಮುಟ್ಟಿದರೆ ಉದುರಿತು. ಬುಡದ ಸಸಿ ಬದುಕಿತ್ತು, ಮೇಲಿನ ಕಡ್ಡಿ ಬೆಸೆದುಕೊಂಡಿರಲಿಲ್ಲ. ಅದೇ ಮರದ ಕಡ್ಡಿ ತರಿಸಿ ನಾನೇ ಕಟ್ಟಿದ್ದೇನೆ, ಕೆಲವು ಚಿಗುರಿವೆ. ಆದರೆ ಅವು ಬೇರೆ ಗಿಡಗಳು. ಅವನ ಕೈ ಕುಯ್ದದ್ದು ಒಂದೂ ಉಳಿದಿಲ್ಲ. ಉಳಿಸಿದವಳು ನೀನು, ಕೊಂದವಳು ನಾನು.

ನಿನ್ನನ್ನು ವಾಪಸ್ ಬಾ ಎಂದು ಕೇಳುವ ಮುಖ ನನಗಿಲ್ಲ. ಎಲ್ಲಿದ್ದರೂ ನಿನ್ನ ಕೈ ಕೆಲಸ ಬಿಡದಿರಲಿ, ಮೈ ಗಟ್ಟಿಯಾಗಿರಲಿ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳಬೇಕೆನಿಸಿದರೆ ಹೇಳು.

ಇತಿ,
ನಿನ್ನ ಅತ್ತೆ

ತಾ.ಕ.: ಬೀಜದ ಅಂಗಡಿಯವನು ನಿಮ್ಮ ಕಡೆಗೇ ಹೊರಟಿದ್ದಾನೆ, ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ಗಂಡನನ್ನು ಮರ ಹತ್ತಿಸಿ ಕೊಂದವಳೆಂದು ಅಲ್ಲೂ ಜನ ಆಡುತ್ತಾರಂತೆ, ಅಲ್ಲಿಯ ನರ್ಸರಿಯವರು ಅದಕ್ಕೇ ನಿನ್ನನ್ನು ಕೆಲಸಕ್ಕೆ ಬೇಡವೆಂದರಂತೆ. ಇವನ ಬಾಯಿಂದ ಈಗ ತಾನೇ ತಿಳಿಯಿತು. ಕೇಳು. ಅವತ್ತು ನೀನು ಬಿತ್ತನೆ ಪಾತಿಯ ಹತ್ತಿರ ಇದ್ದೆ. ಅವನು ನನ್ನ ಬಳಿ ಬಂದು, ‘ಅಮ್ಮಾ, ಏಣಿ ಮುರಿದಿದೆ, ಸರಿ ಮಾಡಿಸೋವರೆಗೂ ಹತ್ತಬೇಡಿ ಅಂದಿದಾಳೆ ಅವಳು’ ಎಂದ. ಕಸಿ ಗಿಡ ಬೇಕೆಂದಿದ್ದ ಗಿರಾಕಿ ಅವಸರ ಮಾಡುತ್ತಿದ್ದ. ‘ಹೆಂಡ್ತಿ ಮಾತು ಕೇಳ್ಕೊಂಡು ಕೂತ್ರೆ ನರ್ಸರಿ ನಡೆಯಲ್ಲ, ಕೊಂಬೆ ಹಿಡಿದು ಹತ್ತು’ ಎಂದವಳು ನಾನು. ಅವನು ನಕ್ಕು ಹೋದ. ನಿನ್ನ ಮಾತು ಮೀರಿ ತಾನಾಗಿಯೇ ಹತ್ತಿದನೆಂದು ನೀನು ಇಷ್ಟು ದಿನ ಅಂದುಕೊಂಡಿದ್ದರೆ, ಅದು ಸುಳ್ಳು. ಇಲ್ಲಿ ಎಲ್ಲರಿಗೂ ಇವತ್ತೇ ಹೇಳುತ್ತೇನೆ, ಮೊದಲು ಚೀಲದಮ್ಮನಿಗೆ. ಈ ಹಾಳೆಯನ್ನು ನಿನ್ನ ಅಮ್ಮನಿಗೂ ಅಣ್ಣನಿಗೂ ಗಟ್ಟಿಯಾಗಿ ಓದಿ ಹೇಳು. ಆ ನರ್ಸರಿಯವರಿಗೂ ತೋರಿಸು, ಅಕ್ಷರ ನನ್ನದೇ.