ಫ್ರಿಜ್ಜಿನ ಮೇಲಿನ ಮೊಸಳೆ

ಮನೆ,
ಜುಲೈ ೧೨, ಶುಕ್ರವಾರ, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ನಿನ್ನ ಅಕ್ಕನ ಕಾಲು ಹೇಗಿದೆ? ಕೋಲು ಹಿಡಿದು ಬಚ್ಚಲುಮನೆಯವರೆಗಾದರೂ ಹೋಗುತ್ತಾರಾ, ಇನ್ನೂ ನಿನ್ನ ಭುಜವೇ ಅವರಿಗೆ ಕೋಲಾ? ಅವರನ್ನು ಎಬ್ಬಿಸಿ ಕೂರಿಸಿ ನಿನ್ನ ಸೊಂಟ ಹಿಡಿದುಕೊಂಡಿರಬೇಕು, ಹೇಳಿಕೊಳ್ಳುವ ಜಾತಿಯಲ್ಲ ನೀನು. ಬಿಸಿನೀರಿನ ಶಾಖ ಕೊಟ್ಟುಕೋ. ನಾನು ಚೆನ್ನಾಗಿದ್ದೇನೆ. ಬಟ್ಟೆ ಒಗೆಯುವ ಮೆಷಿನ್ನು ನನ್ನ ಮಾತು ಕೇಳುತ್ತಿದೆ, ಅನ್ನ ಮಾತ್ರ ಒಂದೊಂದು ದಿನ ಕೇಳುವುದಿಲ್ಲ. ಮಂಡಿನೋವು ಇದ್ದ ಹಾಗೇ ಇದೆ, ಅದಕ್ಕೂ ನನ್ನನ್ನು ಬಿಟ್ಟರೆ ಇನ್ನಾರಿದ್ದಾರೆ? ಫೋನು ಇರುವಾಗ ಈ ಮನುಷ್ಯನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ಹುಬ್ಬೇರಿಸಬೇಡ. ಕಾಗದದಲ್ಲಿ ಒಂದು ಅನುಕೂಲವಿದೆ. ಮಾತಿನ ನಡುವೆ "ಇಡ್ತೀನಿ ರೀ, ಅಕ್ಕ ಕರೀತಿದ್ದಾಳೆ" ಎನ್ನಲು ನಿನಗೆ ಆಗುವುದಿಲ್ಲ.

ಹದಿನೈದು ದಿನಕ್ಕೆಂದು ಹೋದವಳು ನೀನು, ಈಗ ಮೂರನೆಯ ತಿಂಗಳು ನಡೆಯುತ್ತಿದೆ. ದೂರುತ್ತಿಲ್ಲ. ಯಾರೂ ಕ್ಯಾಲೆಂಡರ್ ನೋಡಿಕೊಂಡು ಕಾಲು ಮುರಿದುಕೊಳ್ಳುವುದಿಲ್ಲ ಎಂದು ನನಗೂ ಗೊತ್ತು. ಆದರೆ ಹೊರಡುವಾಗ ನಿನ್ನ ಗುರುವಾರದ ಹೊಲಿಗೆ ಗುಂಪಿಗೆ ಒಂದು ಮಾತು ಹೇಳಿದೆಯಲ್ಲ, "ನಾನಿಲ್ಲ ಅಂತ ನಿಲ್ಲಿಸಬೇಡಿ, ಹೊಲಿಗೆ ಮೆಷಿನ್ನು ಇಲ್ಲೇ ಇರತ್ತೆ, ಇವರೂ ಮನೇಲೇ ಇರ್ತಾರೆ" ಎಂದು? ಅಲ್ಲಿಗೆ ಮೆಷಿನ್ನಿನ ಲೆಕ್ಕದಲ್ಲೇ ನನ್ನನ್ನೂ ಅವರಿಗೆ ವಹಿಸಿಕೊಟ್ಟು ಹೋದ ಹಾಗಾಯಿತು. ಅವರೂ ಒಂದು ವಾರ ತಪ್ಪಿಸಿಲ್ಲ. ಎದುರುಮನೆಯಾಕೆ, ಲೈಬ್ರರಿಯವಳು, ಗುಂಪಿನ ಒಬ್ಬನೇ ಗಂಡಸು ನಿಮ್ಮ ಹಲ್ಲಿನ ಡಾಕ್ಟರು, ಮೂವರೂ ಮಧ್ಯಾಹ್ನ ಊಟ ಮುಗಿಸಿ ಬರುತ್ತಾರೆ. ಊಟದ ಮೇಜಿನ ಮೇಲೆ ಬಟ್ಟೆ ಚೂರುಗಳ ರಾಶಿ ಸುರಿಯುತ್ತಾರೆ. ಒಂಟಿಯಾಗಿ ಉಳಿದ ಕಾಲುಚೀಲದಲ್ಲಿ ಮೊಲದ ಗೊಂಬೆ, ಜಿಪ್ಪಿನ ಬಾಯಿಯ ಕಪ್ಪೆ, ಹರಿದ ಕೈಗವಸಿನಲ್ಲಿ ಐದು ತಲೆಯ ಕೋಳಿ. ಯಾರಿಗೆ ಬೇಕಾದದ್ದು, ಯಾತಕ್ಕೆ ಬೇಕಾದದ್ದು ಎಂದು ಕೇಳುವ ಹಾಗಿಲ್ಲ.

ಇಷ್ಟು ವರ್ಷ ಗುರುವಾರಗಳಂದು ನಾನು ಒಳಕೋಣೆಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದೆ, ನಿನಗೆ ಗೊತ್ತು. ಪೇಪರ್ ಓದುತ್ತಿರಲಿಲ್ಲ, ಅದು ನಿನಗೆ ಗೊತ್ತಿಲ್ಲ. ನಿನ್ನ ನಗು ಕೇಳುತ್ತಿದ್ದೆ. ಕಿಟಕಿಯ ಗಾಜು ಅದುರುವ ಹಾಗೆ, ಕಡೆಗೆ ಉಸಿರು ಸಿಕ್ಕದೆ ಕೆಮ್ಮು ಬರುವ ಹಾಗೆ ನಗುತ್ತಿದ್ದೆ ನೀನು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು, ನಗಿಸುವುದು ನನ್ನ ಕಸುಬಲ್ಲ, ಒಪ್ಪಿದೆ. ಆದರೂ ಮನೆಯಲ್ಲಿ ಒಂದೆರಡು ನಗೆಮಾತು ಆಡಿದ್ದೇನೆ. ಅದಕ್ಕೆ ನೀನು ಮುಗುಳ್ನಕ್ಕು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಮುಚ್ಚುಮರೆ ಯಾಕೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಇದಕ್ಕೆ ಔಷಧಿ ಅಂಗಡಿಯಲ್ಲಿ ಮಾತ್ರೆ ಇಲ್ಲ.

ಆ ಡಾಕ್ಟರ ವಿಷಯಕ್ಕೆ ಬರುತ್ತೇನೆ. ಮತ ಹಾಕಿ ಆರಿಸಿದ ವಾರದ ಅತಿ ಕುರೂಪಿ ಗೊಂಬೆಗೆ ಫ್ರಿಜ್ಜಿನ ಮೇಲೆ ಸಿಂಹಾಸನ ಎಂಬ ಕಾನೂನು ಮಾಡಿದವಳು ನೀನೇ. ನೀನು ಹೋದಾಗಿನಿಂದ ಆ ಸಿಂಹಾಸನದ ಮೇಲೆ ಅವರ ಮೊಸಳೆ ಕೂತಿದೆ. ಹಸಿರು ಪರದೆ ಬಟ್ಟೆಯ ಮೈ, ಬಾಯಿ ತುಂಬ ಒಂದೊಂದಾಗಿ ಹೊಲಿದ ಬಿಳಿ ಹಲ್ಲು, ಒಂದು ದವಡೆ ಹಲ್ಲಿಗೆ ಬಂಗಾರದ ದಾರದ ಕವಚ ಬೇರೆ. ಹಾಲು ತೆಗೆಯಲು ಹೋದರೂ ಅದು ಹಲ್ಲು ಕಿರಿಯುತ್ತದೆ, ಮೊಸರು ತೆಗೆಯಲು ಹೋದರೂ ಹಲ್ಲು ಕಿರಿಯುತ್ತದೆ. ಹೋಗಲಿ, ಬಟ್ಟೆಯ ಮೊಸಳೆ. ಆದರೆ ಕೊಕ್ಕರೆಯ ಆಕಾರದ ನಿನ್ನ ಹೊಲಿಗೆ ಕತ್ತರಿ ಅವರ ಡಬ್ಬಿಯಲ್ಲಿ ಯಾಕಿದೆ? ಒಮ್ಮೆ ನಾನು ಆ ಕತ್ತರಿಯಿಂದ ಪೇಪರ್ ಕತ್ತರಿಸಿದ್ದಕ್ಕೆ ಸಂಜೆಯವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದೆ, ಮರೆತೆಯಾ? "ಅವರೇ ಇಟ್ಕೊಂಡಿರಿ ಅಂದ್ರು ಮೇಷ್ಟ್ರೇ, ನಿಮ್ಮ ಕೈಗೆ ಸಿಕ್ಕೀತು ಅಂತ" ಎಂದು ನಗುತ್ತಾ ಹೇಳಿದರು ಡಾಕ್ಟರು. ಗಾಯದ ಮೇಲೆ ಬರೆ ಎಂದರೆ ಇದೇ.

ಆ ಮೊಸಳೆಯನ್ನು ಇಳಿಸಬೇಕು ಎಂಬ ಒಂದೇ ಹಟಕ್ಕೆ ನಾನೂ ಮೇಜಿಗೆ ಹೋಗಿ ಕೂತೆ. ನಗಬೇಡ. ಮೊದಲ ಬಾರಿ ಒಂದು ಮೀನು ಮಾಡಿದೆ. ಗ್ರಾಫ್ ಹಾಳೆಯ ಮೇಲೆ ಕೈವಾರದಿಂದ ಎರಡು ಕಂಸ ಎಳೆದು, ಬಾಲಕ್ಕೆ ಸಮದ್ವಿಬಾಹು ತ್ರಿಭುಜ ಇಟ್ಟು, ಹೊಲಿಗೆಗೆ ಸ್ಕೇಲು ಹಿಡಿದು ಚುಕ್ಕಿ ಹಾಕಿಕೊಂಡು ಹೊಲಿದೆ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಲೈಬ್ರರಿಯವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಷ್ಟ್ರೇ, ಇದು ಕುರೂಪಿ ಅಲ್ಲ, ಪಠ್ಯಪುಸ್ತಕ" ಎಂದಳು. ಒಂದು ಮತವೂ ಬೀಳಲಿಲ್ಲ. ಜೀವನವಿಡೀ ತಪ್ಪು ತಿದ್ದಿದವನಿಗೆ ಬೇಕೆಂದು ತಪ್ಪು ಮಾಡುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು.

ನಿನ್ನೆ ಎರಡನೆಯ ಮೀನು. ಈ ಸಲ ಸ್ಕೇಲು ಮುಟ್ಟಲಿಲ್ಲ. ಹತ್ತಿ ತುಂಬಿ, ಮೀನನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊಟ್ಟೆಯ ಸಂದಿಯನ್ನು ಕೈಯಲ್ಲೇ ಹೊಲಿದೆ. ಎಲ್ಲಿ ಬಿಚ್ಚಿಹೋಗುತ್ತದೋ ಎಂದು ಜೋಡಿದಾರ ಹಾಕಿ, ಒಂದಕ್ಕೆರಡು ಸಲ ಬಿಗಿದು ಗಂಟು ಹಾಕಿದೆ. ಎಲ್ಲರಿಗೂ ತೋರಿಸೋಣವೆಂದು ಎದ್ದರೆ ಮೀನು ಕೈಗೆ ಬರಲಿಲ್ಲ. ಎಳೆದರೆ ಪ್ಯಾಂಟೂ ಜೊತೆಗೆ ಬಂತು! ನನ್ನ ಬೂದು ಪ್ಯಾಂಟಿಗೇ ಅದನ್ನು ಹೊಲಿದುಬಿಟ್ಟಿದ್ದೆ. ಮೂವರೂ ಒಂದು ಕ್ಷಣ ನೋಡಿದರು, ಆಮೇಲೆ ಮನೆ ಹಾರಿಹೋಗುವ ಹಾಗೆ ನಕ್ಕರು. ಎದುರುಮನೆಯಾಕೆ ಮೇಜಿನ ಮೇಲೆ ತಲೆಯಿಟ್ಟು ಕಣ್ಣೊರೆಸಿಕೊಂಡಳು. ನಿಜ ಹೇಳಲಾ? ನಾನೂ ನಕ್ಕೆ. ಒಳಕೋಣೆಯಿಂದ ಕೇಳುವುದಕ್ಕೂ ಅದರ ನಡುವೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ ಕಣೇ. ಆದರೆ ಬಿಡಿಸಬೇಕಲ್ಲ? ಬಿಡಿಸಲು ಮುಂದೆ ಬಂದದ್ದು ಆ ಮನುಷ್ಯನೇ, ನಿನ್ನ ಕೊಕ್ಕರೆ ಕತ್ತರಿ ಹಿಡಿದುಕೊಂಡು. ನನ್ನ ಮುಂದೆ ಮಂಡಿಯೂರಿ ಕೂತು, ಅಭ್ಯಾಸಬಲದಿಂದ "ಅಲ್ಲಾಡಬೇಡಿ, ನೋವಾಗಲ್ಲ" ಎಂದರು. ನನ್ನ ಗಂಟು ಎಷ್ಟು ಗಟ್ಟಿಯೆಂದರೆ ಕಡೆಗೆ ಪ್ಯಾಂಟಿನ ಒಂದು ತುಂಡನ್ನೇ ಕತ್ತರಿಸಬೇಕಾಯಿತು. ಹೊಟ್ಟೆಗೆ ಬೂದು ತೇಪೆ ಹೊತ್ತ ಮೀನಿಗೆ ಎಲ್ಲರ ಮತವೂ ಬಿತ್ತು, ಡಾಕ್ಟರದ್ದೂ ಸೇರಿ. ಮೊಸಳೆ ಇಳಿಯಿತು. ನಿವೃತ್ತಿಯ ದಿನ ಹಾರ ಹಾಕಿದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಇದನ್ನು ನಿನಗೆ ನಾನೇ ಹೇಳಬೇಕು ಎಂದುಕೊಂಡಿದ್ದೆ. ಯಾವ ಮಾತು ಮೊದಲು, ಯಾವುದು ಆಮೇಲೆ, ಪ್ಯಾಂಟು ಎಲ್ಲಿ ಬರಬೇಕು, ಎಲ್ಲ ಮನಸ್ಸಿನಲ್ಲೇ ಜೋಡಿಸುತ್ತಾ ಹರಿದ ಪ್ಯಾಂಟು ಬದಲಿಸಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ನೀನು ಡಾಕ್ಟರ ಫೋನಿಗೆ ಕರೆ ಮಾಡಿದ್ದೆ, ಅವರು ಫೋನನ್ನು ಮೇಜಿನ ನಡುವೆ ಇಟ್ಟು ನನ್ನ ಪ್ಯಾಂಟಿನ ಕಥೆಗೆ ಉಪ್ಪುಖಾರ ಹಚ್ಚಿ ಹೇಳಿ ಮುಗಿಸಿದ್ದರು. ನೀನು ನಗುತ್ತಿದ್ದೆ. ಅದೇ ನಗು, ಕೆಮ್ಮಿನ ಸಮೇತ. ನನ್ನ ಮೀನು, ನನ್ನ ಪ್ಯಾಂಟು, ನನ್ನ ಮಾನ, ನಗಿಸಿದ ಪುಣ್ಯ ಮಾತ್ರ ಅವರಿಗೆ! ಆಮೇಲೆ ಎದುರುಮನೆಯಾಕೆ ಫೋನು ನನ್ನ ಕೈಗೆ ಕೊಟ್ಟಳು. ನೀನು ನಗು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ರೀ, ಮಾತ್ರೆ ತಗೊಂಡ್ರಾ? ಗ್ಯಾಸ್ ಆಫ್ ಮಾಡಿದ್ರಾ?" ಎಂದೆ. ತಗೊಂಡೆ, ಮಾಡಿದೆ ಎಂದೆ ನಾನು. ನೀನು ಫೋನು ಇಟ್ಟುಬಿಟ್ಟೆ.

ಅವರಿಗೆ ನಿನ್ನ ನಗು, ನನಗೆ ನಿನ್ನ ಮಾತ್ರೆ-ಗ್ಯಾಸಿನ ವಿಚಾರಣೆ. ನನ್ನ ಹೊಟ್ಟೆಕಿಚ್ಚು ಇಷ್ಟೇ. ಡಾಕ್ಟರು ಒಳ್ಳೆಯವರು, ಅದೇ ನನಗೆ ದೊಡ್ಡ ತೊಂದರೆ, ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ತಿರುಗಿ ತಿರುಗಿ ಹಳೇ ಗಂಡನ ಪಾದವೇ ಗತಿ ಎಂಬ ಗಾದೆಯೇನೋ ಇದೆ. ಆದರೆ ಆ ಪಾದಗಳು ಅಷ್ಟು ದಿನ ಮನೆಯಲ್ಲಿ ಕೂತು ಏನು ಮಾಡುತ್ತಿದ್ದವು ಎಂದು ಗಾದೆ ಕಟ್ಟಿದವರು ವಿಚಾರಿಸಲಿಲ್ಲ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಮೆಟ್ಟಿಲ ಮೇಲೆ ಅವಸರ ಬೇಡವೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಅವರಿಗೆ ಬಡಿಸಿ ನೀನು ನಿಂತೇ ತಿನ್ನಬೇಡ.

ಇಂತು,
ಹೆಸರಿಗೆ ಮಾತ್ರ ನಿನ್ನ ಯಜಮಾನ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ನಿನ್ನೆ ಹೊರಡುವಾಗ ಡಾಕ್ಟರು ಚಪ್ಪಲಿ ಮೆಟ್ಟುತ್ತಾ, "ಅವರು ಬರೋ ದಿನ ಸ್ಟೇಷನ್ನಿಗೆ ನಾನೇ ಕಾರ್ ತಗೊಂಡು ಹೋಗ್ತೀನಿ, ನೀವ್ಯಾಕೆ ತೊಂದರೆ ತಗೋತೀರಿ" ಎಂದರು. ಎದುರುಮನೆಯಾಕೆ "ಆವತ್ತಿನ ಅಡುಗೆ ನಂದು" ಎಂದಳು. ನೀನು ಬರುವ ದಿನ ಅವರಿಗೆಲ್ಲ ಆಗಲೇ ಗೊತ್ತಿದ್ದಂತಿತ್ತು, ನಾನೂ ಗೊತ್ತಿರುವವನ ಹಾಗೆ ತಲೆಯಾಡಿಸಿದೆ. ಕಾರು ಬೇಡ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದೂ ಹೇಳಿಬಿಟ್ಟಿದ್ದೇನೆ. ಯಾವ ದಿನ ಎಂದು ಮಾತ್ರ ಅವರನ್ನು ಕೇಳಲಿಲ್ಲ. ನೀನೇ ಹೇಳು.